ಕತ್ತಲೆಯ ಲೆಕ್ಕ ಯಾರ ಬಳಿ?

ವಿದ್ಯುಚ್ಛಕ್ತಿಯ ವಿತರಣೆಯಲ್ಲಿ ಇದುವರೆಗೆ ಮನುಷ್ಯನ ಕೈ ಮಾಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಏರ್ಪಾಡು ದೇಶದ ದೊಡ್ಡ ನಗರಗಳಲ್ಲೆಲ್ಲ ನಡೆದಿದೆ. ನಮ್ಮ ಮುಂಬಯಿಯಲ್ಲಿಯೂ ನಡೆದಿದೆ. ಈ ವಿಷಯವಾಗಿ ನಮ್ಮ ಓದುಗ ಬಾಂಧವರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತಿರುವುದನ್ನು ನಾವು ಬಲ್ಲೆವು. ಕಚೇರಿಗಳಲ್ಲಿ ಗುಮಾಸ್ತೆಯ ಕೆಲಸ ಮಾಡತಕ್ಕವರು, ಇದೂ ನಮ್ಮಂಥವರ ಅನ್ನಕ್ಕೆ ಕಲ್ಲು ಹಾಕಲು ಬಂದ ಇನ್ನೊಂದು ಯಂತ್ರವೆಂದು ಶಂಕಿಸುತ್ತಾರೆ. ಹೋಟೆಲಿನವರಾದರೋ, ಯಂತ್ರವೇ ಬರಲಿ, ಮಂತ್ರವೇ ಬರಲಿ, ಗ್ರೈಂಡರು ತಿರುಗುತ್ತಿದ್ದಾಗ ಕರೆಂಟು ಹೋಗದಿದ್ದರೆ ಸಾಕೆನ್ನುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯಾಂಶ ಇಲ್ಲದಿಲ್ಲ. ಆದರೆ ಇವೆರಡರ ನಡುವೆ ಯಾರೂ ಎತ್ತದಿರುವ ಮೂರನೆಯ ಪ್ರಶ್ನೆಯೊಂದಿದೆ. ನಮ್ಮ ಬೀದಿಯಲ್ಲಿ ದೀಪ ಆರಿದ ಕ್ಷಣವನ್ನೂ ಮರಳಿ ಹೊತ್ತಿದ ಕ್ಷಣವನ್ನೂ ಈ ಯಂತ್ರವು ತಪ್ಪದೆ ಬರೆದಿಡುತ್ತದೆ. ಆ ಬರಹ ಯಾರ ಸ್ವತ್ತು? ಇಂದು ನಾವು ವಿಚಾರಿಸಬೇಕೆಂದಿರುವುದು ಇದನ್ನೇ.

ನಾವು ಎಸ್.ಎಸ್.ಎಲ್.ಸಿ.ಯವರೆಗೆ ಓದಿದವರು, ಇಂಜಿನಿಯರರಲ್ಲ. ಆದರೂ ಹಲವು ವರ್ಷ ಗಲ್ಲಾದ ಹಿಂದೆ ಕುಳಿತು ಕರೆಂಟಿನ ಬಿಲ್ಲು ತೆತ್ತವರಾದುದರಿಂದ ಈ ವ್ಯವಹಾರದ ಒಳಹೊರಗನ್ನು ಸ್ವಲ್ಪ ಕೇಳಿ ತಿಳಿದುಕೊಂಡಿದ್ದೇವೆ. ತಿಳಿದುದನ್ನು ತಿಳಿದಷ್ಟೇ ಹೇಳುತ್ತೇವೆ.

ಮುಂಬಯಿಗೆ ವಿದ್ಯುಚ್ಛಕ್ತಿ ಹೊಸತಲ್ಲ. ಖೋಪೋಲಿಯಲ್ಲಿ ಘಟ್ಟದ ನೀರಿನಿಂದ ಶಕ್ತಿಯನ್ನು ಉತ್ಪಾದಿಸಿ ಇಲ್ಲಿಯ ಗಿರಣಿಗಳಿಗೆ ಕೊಡುವ ಟಾಟಾರವರ ಉದ್ಯಮ 1915ರಲ್ಲಿ ಆರಂಭವಾಯಿತು. ಅದಕ್ಕೂ ಹತ್ತು ವರ್ಷ ಮೊದಲೇ, 1905ರಲ್ಲಿ, ಶಿವನಸಮುದ್ರದ ಶಕ್ತಿಯಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದವೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯುವುದುಂಟು. ಇಂದು ಕೊಲಾಬಾದಿಂದ ಮಾಹಿಮ್ ಮತ್ತು ಸಾಯನ್‌ವರೆಗಿನ ನಗರಭಾಗಕ್ಕೆ ಮಹಾನಗರಪಾಲಿಕೆಯ ಬೆಸ್ಟ್ ಸಂಸ್ಥೆ ವಿದ್ಯುತ್ತು ಹಂಚುತ್ತದೆ. ಉಪನಗರಗಳಲ್ಲಿ 2018ರಿಂದ ಅದಾನಿ ಸಂಸ್ಥೆ. ಅದರ ಜತೆಯಲ್ಲಿ ಟಾಟಾ. ಭಾಂಡುಪ್, ಮುಲುಂಡ್ ಕಡೆಗೆ ರಾಜ್ಯ ಸರಕಾರದ ಮಹಾವಿತರಣ. ನಮ್ಮ ಓದುಗರು ಈ ನಾಲ್ಕರಲ್ಲಿ ಒಂದಲ್ಲ ಒಂದರ ಗ್ರಾಹಕರು, ಇಲ್ಲವೇ ಗ್ರಾಹಕರ ಸೂರಿನಡಿಯಲ್ಲಿ ಮಲಗುವವರು. ಈ ಎರಡನೆಯವರ ಮಾತು ಬೇರೆಯಾಗಿಯೇ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಉತ್ಪಾದನಾ ಕೇಂದ್ರದಿಂದ ಹೊರಟ ಶಕ್ತಿಯು ಲಕ್ಷಕ್ಕೂ ಮೀರಿದ ವೋಲ್ಟಿನ ಒತ್ತಡದಲ್ಲಿ ನಗರದ ಹೊಸ್ತಿಲಿಗೆ ಬರುತ್ತದೆ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು, 11,000 ವೋಲ್ಟಿನ ಕೇಬಲ್ಲುಗಳ ಮೂಲಕ ಪೇಟೆ ಪೇಟೆಗೆ ಹರಿಯುತ್ತದೆ. ಒಂದೊಂದು ಕೇಬಲ್ಲಿನ ಸಾಲಿಗೂ ಫೀಡರ್ ಎಂದು ಹೆಸರು. ಒಂದು ಫೀಡರು ಸಾಗುವ ದಾರಿಯಲ್ಲಿ ಹಲವಾರು ಸಣ್ಣ ಸಬ್‌ಸ್ಟೇಷನ್ನುಗಳಿರುತ್ತವೆ. ಕಟ್ಟಡಗಳ ಮೂಲೆಯಲ್ಲಿ ಕಬ್ಬಿಣದ ಬಾಗಿಲು ಹಾಕಿ, ತಲೆಬುರುಡೆಯ ಚಿತ್ರ ಬರೆದ ಕೋಣೆಗಳನ್ನು ನಾವೆಲ್ಲ ನೋಡಿಯೇ ಇದ್ದೇವೆ. ಅವುಗಳೊಳಗಿನ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಮನೆಬಳಕೆಯ ಮಟ್ಟಕ್ಕೆ ಇಳಿಸಿ ಚಾಳುಗಳಿಗೂ ಅಂಗಡಿಗಳಿಗೂ ಕೊಡುತ್ತದೆ.

ನೆಲದಡಿಯ ಕೇಬಲ್ಲು ಒಂದೆಡೆ ಕೆಟ್ಟಿತೆನ್ನಿ. ಮಳೆಯ ನೀರು ಜಾಯಿಂಟಿನೊಳಗೆ ಇಳಿದಿರಬಹುದು, ರಸ್ತೆ ಅಗೆಯುವವನ ಹಾರೆ ತಗುಲಿರಬಹುದು. ಆ ಕೂಡಲೇ ಫೀಡರಿನ ತಲೆಯಲ್ಲಿರುವ ಬ್ರೇಕರು ಬೀಳುತ್ತದೆ. ಕೆಟ್ಟದ್ದು ಒಂದು ತುಂಡಾದರೂ ಕತ್ತಲೆ ಕವಿಯುವುದು ಇಡೀ ಸಾಲಿಗೆ. ಹಳೆಯ ಪದ್ಧತಿಯಲ್ಲಿ ಆಮೇಲೆ ನಡೆಯುವ ಕೆಲಸವಿಷ್ಟು: ಲೈನ್‌ಮನ್‌ಗಳ ತಂಡವೊಂದು ವಾಹನವೇರಿ ಮೊದಲನೆಯ ಕೋಣೆಗೆ ಹೋಗಬೇಕು, ಬೀಗ ತೆಗೆಯಬೇಕು, ಸ್ವಿಚ್ಚನ್ನು ಬಿಚ್ಚಬೇಕು, ಕೇಂದ್ರಕ್ಕೆ ತಿಳಿಸಿ ಫೀಡರನ್ನು ಮತ್ತೆ ಹಾಕಿಸಿ ನೋಡಬೇಕು. ನಿಲ್ಲದಿದ್ದರೆ ಮುಂದಿನ ಕೋಣೆ. ದಾದರ್ ಮಾರುಕಟ್ಟೆಯ ಜನಸಂದಣಿಯಲ್ಲಿ ಸಾಯಂಕಾಲ ಆರರ ಹೊತ್ತಿಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ವಾಹನ ಸಾಗಿಸುವುದೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಹೀಗೆ ಕೆಟ್ಟ ತುಂಡನ್ನು ಗುರುತಿಸಿ, ಅದರ ಎರಡೂ ಕಡೆಯ ಸ್ವಿಚ್ಚು ಬಿಚ್ಚಿ, ಉಳಿದ ಒಳ್ಳೆಯ ಭಾಗಕ್ಕೆ ಇನ್ನೊಂದು ಕಡೆಯಿಂದ ಕರೆಂಟು ಕೊಡುವಷ್ಟರಲ್ಲಿ ಒಂದು ಗಂಟೆ, ಎರಡು ಗಂಟೆ, ಕೆಲವೊಮ್ಮೆ ಅರ್ಧ ರಾತ್ರಿಯೇ ಕಳೆಯುವುದುಂಟು.

ಇನ್ನೊಂದು ಕಡೆಯಿಂದ ಎಂದೆವು. ಇದು ಮುಖ್ಯವಾದ ಮಾತು. ಒಳ್ಳೆಯ ವಿತರಣೆಯಲ್ಲಿ ಫೀಡರುಗಳನ್ನು ಬಳೆಯಂತೆ ಸುತ್ತಿಸಿ, ಒಂದೆಡೆ ಮಾತ್ರ ಸ್ವಿಚ್ಚು ಬಿಚ್ಚಿ ಇಟ್ಟಿರುತ್ತಾರೆ. ಬಲಗಡೆಯ ದಾರಿ ಮುಚ್ಚಿದರೆ ಎಡಗಡೆಯಿಂದ ಕೊಡುವುದಕ್ಕಾಗಿ ಈ ಉಪಾಯ. ಬಳೆಯಿಲ್ಲದೆ ಬಾಲದಂತೆ ಒಂದೇ ದಿಕ್ಕಿಗೆ ಚಾಚಿದ ಸಾಲಿನ ಕೊನೆಯಲ್ಲಿ ಇರುವವರಿಗೆ ಎಡಗಡೆಯೂ ಇಲ್ಲ, ಬಲಗಡೆಯೂ ಇಲ್ಲ.

ಸ್ವಯಂಚಾಲಿತ ವ್ಯವಸ್ಥೆ ಬಂದ ಮೇಲೆ ಆಗುವ ಬದಲಾವಣೆ ಇಷ್ಟೇ. ಪ್ರತಿಯೊಂದು ಕೋಣೆಯಲ್ಲಿಯೂ, ದೋಷದ ಪ್ರವಾಹ ಈ ದಾರಿಯಾಗಿ ಹೋಯಿತೆಂದು ಸೂಚಿಸುವ ಸಣ್ಣ ಉಪಕರಣವೊಂದನ್ನು ಕೂಡಿಸುತ್ತಾರೆ. ಸ್ವಿಚ್ಚಿಗೆ ಮೋಟಾರು ಜೋಡಿಸುತ್ತಾರೆ. ಸುದ್ದಿ ಕಳಿಸುವುದಕ್ಕೆ ಪೆಟ್ಟಿಗೆಯೊಂದನ್ನಿಟ್ಟು, ಗಾಜಿನ ಎಳೆಯ ತಂತಿಯಿಂದಲೋ ಮೊಬೈಲಿನ ಜಾಲದಿಂದಲೋ ನಿಯಂತ್ರಣ ಕೇಂದ್ರದ ಗಣಕಯಂತ್ರಕ್ಕೆ ಸಂಬಂಧ ಕಲ್ಪಿಸುತ್ತಾರೆ. ಇದನ್ನೇ ಸ್ಕಾಡಾ ಎಂದೂ, ವಿತರಣಾ ನಿರ್ವಹಣ ವ್ಯವಸ್ಥೆ ಎಂದೂ ಹೇಳುವರು. ಮೂರನೆಯ ಕೋಣೆಯವರೆಗೆ ದೋಷದ ಸೂಚನೆಯುಂಟು, ನಾಲ್ಕನೆಯದರಲ್ಲಿ ಇಲ್ಲ. ಹಾಗಾದರೆ ಕೆಟ್ಟದ್ದು ಇವೆರಡರ ನಡುವಿನ ತುಂಡು. ಗಣಕಯಂತ್ರವು ಇದನ್ನು ಕ್ಷಣದಲ್ಲಿ ತರ್ಕಿಸಿ, ಆ ತುಂಡಿನ ಎರಡು ಕಡೆಯ ಸ್ವಿಚ್ಚುಗಳನ್ನು ಬಿಚ್ಚಿ, ಬಳೆಯ ತೆರೆದ ಬಾಯನ್ನು ಮುಚ್ಚಿ ಉಳಿದವರಿಗೆ ಒಂದೆರಡು ನಿಮಿಷಗಳಲ್ಲಿ ಬೆಳಕು ಕೊಡಬಲ್ಲದು.

ಹೋಟೆಲಿನವರಿಗೆ ಇದು ಸುಲಭವಾಗಿ ತಿಳಿಯತಕ್ಕ ಸಂಗತಿ. ಹಿಂದೆ ಇಡೀ ಹೋಟೆಲಿಗೆ ಒಂದೇ ಫ್ಯೂಸು. ಗ್ರೈಂಡರಿನ ವಯರು ಸುಟ್ಟರೆ ಗಿರಾಕಿಗಳ ತಲೆಯ ಮೇಲಿನ ಪಂಖವೂ ನಿಲ್ಲುತ್ತಿತ್ತು. ಮಾಣಿ ಕತ್ತಲೆಯಲ್ಲಿ ಸಾಂಬಾರಿನ ಬಾಲ್ದಿ ಹಿಡಿದು ನಿಲ್ಲಬೇಕಿತ್ತು. ಈಗ ಅಡುಗೆಮನೆಗೊಂದು, ಗಲ್ಲಾಕ್ಕೊಂದು, ಫ್ರಿಜ್ಜಿಗೊಂದು ಪ್ರತ್ಯೇಕ ಸ್ವಿಚ್ಚು. ಕೆಟ್ಟದ್ದು ಮಾತ್ರ ನಿಲ್ಲುತ್ತದೆ, ಉಳಿದ ವ್ಯಾಪಾರ ನಡೆಯುತ್ತದೆ. ನಗರಕ್ಕೆ ಮಾಡಹೊರಟಿರುವುದೂ ಇದನ್ನೇ.

ಆದರೆ ಕೆಟ್ಟ ಗ್ರೈಂಡರನ್ನು ಆ ಸ್ವಿಚ್ಚು ದುರಸ್ತಿ ಮಾಡಿತೆ? ಇಲ್ಲವಷ್ಟೆ. ಕೇಬಲ್ಲಿನ ಮಾತೂ ಹಾಗೆಯೇ. ಕೆಟ್ಟ ತುಂಡನ್ನು ಯಂತ್ರ ಹುಡುಕಿಕೊಡುತ್ತದೆ. ಅದನ್ನು ಅಗೆದು, ಒಣಗಿಸಿ, ಜಾಯಿಂಟು ಹಾಕುವವನು ಈಗಲೂ ಮನುಷ್ಯನೇ, ಅವನಿಗೆ ಬೇಕಾಗುವ ಗಂಟೆಗಳೂ ಬಹುಮಟ್ಟಿಗೆ ಅಷ್ಟೇ. ಬಾಲದ ತುದಿಯಲ್ಲಿರುವ ಮನೆಗಳಿಗಾಗಲಿ, ಟ್ರಾನ್ಸ್‌ಫಾರ್ಮರಿನಿಂದ ಈಚೆಗಿನ ಸಣ್ಣ ಕೇಬಲ್ಲು ಕೆಟ್ಟಾಗ ಕತ್ತಲಾಗುವ ಚಾಳಿಗಾಗಲಿ ಈ ಮೋಟಾರಿನ ಸ್ವಿಚ್ಚುಗಳಿಂದ ನೇರವಾದ ಪ್ರಯೋಜನವಿಲ್ಲ. ಮೇಲಿನಿಂದಲೇ ಶಕ್ತಿ ಬಾರದಿದ್ದಾಗಲೂ ಇವು ನಿರುಪಾಯ. 2020ರ ಅಕ್ಟೋಬರ್ 12ರಂದು ಹೊರಗಿನಿಂದ ನಗರಕ್ಕೆ ಶಕ್ತಿ ತರುವ ಹಿರಿಯ ಲೈನುಗಳು ಬಿದ್ದು, ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಆಪತ್ಕಾಲದಲ್ಲಿ ನಗರವನ್ನು ದ್ವೀಪದಂತೆ ಬೇರ್ಪಡಿಸಿ ಕಾಪಾಡಲೆಂದು 1981ರಿಂದ ಇದ್ದ ಏರ್ಪಾಡೂ ಅಂದು ಕೈಕೊಟ್ಟಿತು. ಅದು ಸಾಗಾಣಿಕೆಯ ವೈಫಲ್ಯವೇ ಹೊರತು ವಿತರಣೆಯದ್ದಲ್ಲ. ಒಂದನ್ನು ತೋರಿಸಿ ಇನ್ನೊಂದಕ್ಕೆ ಹಣ ಕೇಳುವವರ ವಿಷಯದಲ್ಲಿ ಎಚ್ಚರವಾಗಿರುವುದು ಲೇಸು.

ಹಾಗೆಂದು ಈ ವಿದ್ಯೆಯನ್ನು ನಾವು ಹಳಿಯುವುದಿಲ್ಲ. ಅಮೇರಿಕದ ಟೆನ್ನೆಸೀ ಸಂಸ್ಥಾನದಲ್ಲಿ ಚಟ್ಟನೂಗ ಎಂಬ ನಗರವಿದೆ. ನಮ್ಮ ಬೆಸ್ಟಿನಂತೆ ಅಲ್ಲಿಯೂ ವಿದ್ಯುತ್ತಿನ ವಿತರಣೆ ಊರಿನವರದೇ ಆದ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿದೆ. ಅವರು ಸರಕಾರದ ಸಹಾಯಧನ ಪಡೆದು ಸುಮಾರು 1,200 ಸ್ವಯಂಚಾಲಿತ ಸ್ವಿಚ್ಚುಗಳನ್ನು ಊರೆಲ್ಲ ಹಾಕಿದರು. 2012ರ ಜುಲೈ 5ರಂದು ದೊಡ್ಡ ಬಿರುಗಾಳಿ ಬೀಸಿದಾಗ, ಹಿಂದಿನ ಪದ್ಧತಿಯಲ್ಲಿ ಆಗುತ್ತಿದ್ದುದಕ್ಕಿಂತ 17 ಗಂಟೆಗಳವರೆಗೂ ಮೊದಲೇ ದುರಸ್ತಿಯ ಕೆಲಸ ಮುಗಿಯಿತೆಂದು ಲೆಕ್ಕ ಹಾಕಿದ್ದಾರೆ. ಯಂತ್ರವು ಸುಲಭವಾದುದನ್ನು ತಾನೇ ಮಾಡಿಕೊಂಡುದರಿಂದ, ಇದ್ದ ಜನರನ್ನೆಲ್ಲ ಕಷ್ಟವಾದ ಕಡೆಗೆ ಕಳಿಸುವುದು ಸಾಧ್ಯವಾಯಿತು. ಹದಿನೇಳು ಗಂಟೆಗಳೆಂದರೆ ಒಂದು ಹೋಟೆಲಿನ ಹಾಲು, ಹಿಟ್ಟು, ತರಕಾರಿ ಎಲ್ಲದರ ಆಯುಸ್ಸು.

ನಮ್ಮ ನಗರದ ಮಳೆಯನ್ನು ನೆನೆದರೆ ಇನ್ನೊಂದು ಉಪಯೋಗವೂ ಕಾಣುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ನೀರು ನಿಂತ ಉಪನಗರದ ಭಾಗಗಳಲ್ಲಿ ಜನರ ಜೀವರಕ್ಷಣೆಗಾಗಿ ಕರೆಂಟು ನಿಲ್ಲಿಸಬೇಕಾಯಿತು. ಎದೆಮಟ್ಟದ ನೀರಿನಲ್ಲಿ ಕೋಣೆಯ ಬಳಿಗೆ ಹೋಗಿ ಸ್ವಿಚ್ಚು ಬಿಚ್ಚುವವನಾರು? ಎಲ್ಲಿ ನೀರು ನಿಂತಿದೆಯೋ ಅಷ್ಟನ್ನೇ ದೂರದಿಂದ ಬಿಚ್ಚುವಂತಿದ್ದರೆ ನೀರಿಲ್ಲದ ಬೀದಿಯವರಿಗೆ ಕತ್ತಲೆಯ ಶಿಕ್ಷೆ ತಪ್ಪುತ್ತದೆ, ನೀರಿನಲ್ಲಿದ್ದವರ ಜೀವವೂ ಉಳಿಯುತ್ತದೆ.

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಒಂದು ಮಳೆಗಾಲದ ರಾತ್ರಿ ಒಂಬತ್ತಕ್ಕೆ ಹೋದ ಕರೆಂಟು ಮರುದಿನ ಬೆಳಗಿನ ಆರಕ್ಕೆ ಬಂದಿತು. ಅಕ್ಕಿ ಉದ್ದು ನೆನೆಹಾಕಿದ್ದಷ್ಟೇ, ಅರೆಯಲಾಗಲಿಲ್ಲ. ಭಟ್ಟರೂ ಇಬ್ಬರು ಹುಡುಗರೂ ಮೋಂಬತ್ತಿಯ ಬೆಳಕಿನಲ್ಲಿ ಹಳೆಯ ರುಬ್ಬುವ ಕಲ್ಲನ್ನು ಹೊರಗೆಳೆದು ಕೈಸೋಲುವವರೆಗೆ ರುಬ್ಬಿದರು. ಬೆಳಗಿನ ಇಡ್ಲಿ ಅರ್ಧಕ್ಕೆ ಮುಗಿಯಿತು, ಹಾಲು ಒಡೆಯಿತು. ಮುಂದೆ ದೂರು ಬರೆದುಕೊಂಡು ಸಂಬಂಧಪಟ್ಟ ಕಚೇರಿಗೆ ಹೋದೆವು. ಅಲ್ಲಿಯವರು ದೊಡ್ಡ ರಿಜಿಸ್ಟರನ್ನು ಬಿಡಿಸಿ ಬೆರಳಿಟ್ಟು ತೋರಿಸಿದರು: ದೂರು ಬಂದದ್ದು ರಾತ್ರಿ 1-40, ದುರಸ್ತಿಯಾದದ್ದು 4-30. ಒಟ್ಟು ಎರಡು ಗಂಟೆ ಐವತ್ತು ನಿಮಿಷ. ಒಂಬತ್ತರಿಂದ ಒಂದೂವರೆಯವರೆಗೆ ಅವರ ದೂರವಾಣಿಯನ್ನು ಯಾರೂ ಎತ್ತಿರಲಿಲ್ಲವೆಂಬುದೂ, ದುರಸ್ತಿಯಾದ ಮೇಲೆ ಒಂದೂವರೆ ಗಂಟೆ ಯಾರೋ ಒಬ್ಬರ ಅಪ್ಪಣೆಗಾಗಿ ಕಾದದ್ದೂ ರಿಜಿಸ್ಟರಿನಲ್ಲಿ ಇರಲಿಲ್ಲ. ನಮ್ಮ ಗೋಡೆಯ ಗಡಿಯಾರಕ್ಕೂ ಅವರ ಪುಸ್ತಕಕ್ಕೂ ಆರು ಗಂಟೆಯಷ್ಟು ಅಂತರ. ಪುಸ್ತಕವೇ ಗೆದ್ದಿತು, ಗಡಿಯಾರಕ್ಕೆ ಸಾಕ್ಷಿ ಹೇಳಲು ಬಾರದಷ್ಟೆ.

ಇಂದು ಸಾಕ್ಷಿ ಹೇಳತಕ್ಕ ಯಂತ್ರ ಬಂದಿದೆ. ಬ್ರೇಕರು ಬಿದ್ದ ಗಳಿಗೆಯನ್ನು ನಿಯಂತ್ರಣ ಕೇಂದ್ರವು ಸೆಕೆಂಡಿನ ಲೆಕ್ಕದಲ್ಲಿ ದಾಖಲಿಸುತ್ತದೆ. ಮನೆಯಲ್ಲಿ ಕೂಡಿಸುವ ಹೊಸ ಸ್ಮಾರ್ಟ್ ಮೀಟರುಗಳಲ್ಲಿ ಕೆಲವಂತೂ, ಕರೆಂಟು ಹೋದ ಕೂಡಲೇ ತಮ್ಮಲ್ಲಿ ಉಳಿದ ಅಲ್ಪ ಶಕ್ತಿಯಿಂದ ‘ನಾನು ಆರಿದೆ’ ಎಂಬ ಕೊನೆಯುಸಿರಿನ ಸುದ್ದಿಯೊಂದನ್ನು ಕಳಿಸಿಯೇ ಸುಮ್ಮನಾಗುತ್ತವೆ. ಆದುದರಿಂದ ಫೀಡರು ಸರಿಯಿದ್ದು ಬರೀ ನಮ್ಮ ಚಾಳು ಮಾತ್ರ ಕತ್ತಲಾದರೂ ಇನ್ನು ಮುಂದೆ ಅದು ಅಡಗಿರತಕ್ಕ ಸಂಗತಿಯಲ್ಲ. ಕೇಂದ್ರ ಸರಕಾರವು 2021ರಲ್ಲಿ ಒಪ್ಪಿದ, ಒಟ್ಟು 3,03,758 ಕೋಟಿ ರೂಪಾಯಿಗಳ ವಿತರಣಾ ಸುಧಾರಣೆಯ ಯೋಜನೆಯಲ್ಲಿ ದೇಶದಾದ್ಯಂತ 25 ಕೋಟಿ ಪ್ರೀಪೇಡ್ ಸ್ಮಾರ್ಟ್ ಮೀಟರುಗಳ ಗುರಿಯಿಟ್ಟಿದೆ. ಬಿಲ್ಲು ವಸೂಲಿಗೆ ಈ ಮೀಟರುಗಳು ಎಷ್ಟು ಉಪಯುಕ್ತವೆಂಬುದನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಪರವಾಗಿ ಸಾಕ್ಷಿ ಹೇಳಲು ಎಷ್ಟು ಉಪಯುಕ್ತವೆಂದು ಯಾವ ಜಾಹೀರಾತಿನಲ್ಲಿಯೂ ನಾವು ಕಂಡಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಕಡೆಗಿದೆಯೆಂಬುದನ್ನು ಓದುಗರು ಗಮನಿಸಬೇಕು. 2003ರ ವಿದ್ಯುಚ್ಛಕ್ತಿ ಕಾಯಿದೆಯ 57ನೆಯ ಕಲಮಿನಂತೆ ಸೇವೆಯ ಮಟ್ಟವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವು ಗೊತ್ತುಪಡಿಸಬಹುದು: ಫ್ಯೂಸು ಹೋದರೆ ಇಷ್ಟು ಗಂಟೆಯೊಳಗೆ, ಕೇಬಲ್ಲು ಕೆಟ್ಟರೆ ಇಷ್ಟು ಗಂಟೆಯೊಳಗೆ ಸರಿಪಡಿಸಬೇಕೆಂದು. ತಪ್ಪಿದರೆ ಕಂಪೆನಿಯು ಪರಿಹಾರ ತೆರಬೇಕು. ಮಹಾರಾಷ್ಟ್ರದ ಆಯೋಗವು ಇದಕ್ಕಾಗಿ 2021ರಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿದೆ. ಅದಕ್ಕಿಂತ ಸ್ವಲ್ಪ ಮುಂಚೆ, 2020ರ ಡಿಸೆಂಬರ್ ಕೊನೆಯಲ್ಲಿ, ಕೇಂದ್ರ ಸರಕಾರ ಪ್ರಕಟಿಸಿದ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ಒಂದು ಮಾತಿದೆ. ಅದು ಬಂಗಾರದ ತೂಕದ ಮಾತು. ಯಾವ ಸೇವಾಮಟ್ಟಗಳನ್ನು ದೂರದಿಂದ ಯಂತ್ರದ ಮೂಲಕವೇ ಪರೀಕ್ಷಿಸುವುದು ಸಾಧ್ಯವೋ, ಅವುಗಳಲ್ಲಿ ಕಂಪೆನಿ ತಪ್ಪಿರುವುದು ಸಿದ್ಧವಾದರೆ ಗ್ರಾಹಕನಿಗೆ ಪರಿಹಾರವು ತಾನಾಗಿಯೇ ಸಲ್ಲತಕ್ಕದ್ದು. ಅರ್ಜಿ ಹಿಡಿದು ಅಲೆಯಬೇಕಾಗಿಲ್ಲ, ಗಡಿಯಾರದ ಸಾಕ್ಷಿ ಬೇಕಾಗಿಲ್ಲ.

ಇಲ್ಲಿಯೇ ಗಂಟಿರುವುದು. ಸ್ವಿಚ್ಚು ತಾನಾಗಿ ಬಿಚ್ಚುತ್ತದೆ, ತಾನಾಗಿ ಮುಚ್ಚುತ್ತದೆ, ಬಿಲ್ಲು ತಾನಾಗಿ ಬರುತ್ತದೆ, ಪ್ರೀಪೇಡ್ ಮೀಟರಾದರೆ ಹಣ ತೀರಿದಾಗ ಕರೆಂಟೂ ತಾನಾಗಿ ಕಡಿಯುತ್ತದೆ. ಪರಿಹಾರವೊಂದು ಮಾತ್ರ ತಾನಾಗಿ ಬಂದುದನ್ನು ಕಂಡ ಓದುಗರು ನಮ್ಮಲ್ಲಿ ಎಷ್ಟು ಮಂದಿ? ಇದ್ದರೆ ತಿಳಿಸಲಿ, ಸಂತೋಷದಿಂದ ಪ್ರಕಟಿಸುತ್ತೇವೆ. ಈ ಸ್ವಯಂಚಾಲನೆಯ ಬಂಡವಾಳವನ್ನು ಆಯೋಗದ ಒಪ್ಪಿಗೆ ಪಡೆದು, ಲಾಭಾಂಶ ಸಹಿತವಾಗಿ ದರಪಟ್ಟಿಯಲ್ಲಿ ಸೇರಿಸಿ ನಮ್ಮಿಂದಲೇ ವಸೂಲು ಮಾಡಲಾಗುತ್ತದೆ. ಯಂತ್ರಕ್ಕೆ ಹಣ ಕೊಟ್ಟವರು ನಾವು. ಯಂತ್ರ ಬರೆದ ಲೆಕ್ಕ ಮಾತ್ರ ಅವರ ಕಪಾಟಿನಲ್ಲಿ. ಹೋಟೆಲಿನಲ್ಲಿ ಗಿರಾಕಿಯು ಹಣ ತೆತ್ತು ಬಿಲ್ಲು ಕೇಳಿದರೆ ‘ಬಿಲ್ಲು ನಮ್ಮ ಒಳಗಿನ ಕಾಗದ’ ಎಂದು ಯಾವ ಮಾಲೀಕನಾದರೂ ಹೇಳಬಲ್ಲನೆ?

ಲೆಕ್ಕವನ್ನು ಪ್ರಕಟಿಸುತ್ತಲೇ ಇದ್ದೇವಲ್ಲ ಎಂದು ಕಂಪೆನಿಗಳು ಹೇಳಬಹುದು. ಸರಿ, ಒಬ್ಬ ಗ್ರಾಹಕನಿಗೆ ವರ್ಷದಲ್ಲಿ ಸರಾಸರಿ ಎಷ್ಟು ಸಲ ಕರೆಂಟು ಹೋಯಿತು, ಎಷ್ಟು ನಿಮಿಷ ಹೋಯಿತು ಎಂಬ ಅಂಕೆಗಳು ಆಯೋಗಕ್ಕೆ ಹೋಗುತ್ತವೆ. ಸರಾಸರಿಯ ಗುಣವೇನೆಂಬುದನ್ನು ಗುಮಾಸ್ತ ಬಂಧುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಫೀಡರಿನ ಮೇಲೆ ಒಂಬತ್ತು ಸಾವಿರ ಮನೆಗಳಿವೆಯೆಂದಿಟ್ಟುಕೊಳ್ಳಿ. ಯಂತ್ರದ ಕೃಪೆಯಿಂದ ಎಂಟು ಸಾವಿರ ಮನೆಗಳಿಗೆ ಎರಡು ನಿಮಿಷದಲ್ಲಿ ದೀಪ ಬಂದಿತು, ಒಂದು ಸಾವಿರ ಮನೆಗಳಿಗೆ ಒಂಬತ್ತು ಗಂಟೆ ಬಾರಲಿಲ್ಲ. ಸರಾಸರಿ ಒಂದು ಗಂಟೆ ಮತ್ತು ಚಿಲ್ಲರೆ. ಕೆಲವು ನಿಮಿಷಗಳಿಗಿಂತ ಕಡಿಮೆಯ ಕಡಿತವನ್ನು ಎಣಿಕೆಗೇ ಹಿಡಿಯದಿರುವ ಪದ್ಧತಿಯೂ ಇದೆಯಾದುದರಿಂದ ಆ ಎಂಟು ಸಾವಿರ ಮನೆಗಳಲ್ಲಿ ಕರೆಂಟು ಹೋಗಲೇ ಇಲ್ಲವೆಂದಾಗುತ್ತದೆ. ವರದಿಯು ಸುಂದರವಾಗಿ ಕಾಣುತ್ತದೆ, ಮತ್ತು ಸುಳ್ಳೂ ಅಲ್ಲ. ಆದರೆ ಆ ಒಂದು ಸಾವಿರ ಮನೆಗಳು ಪ್ರತಿಸಲವೂ ಅವೇ ಆಗಿದ್ದರೆ? ಹಳೆಯ ಕೇಬಲ್ಲಿನ ಬೀದಿ, ಬಳೆಯಿಲ್ಲದ ಬಾಲ, ಜಾಯಿಂಟಿನ ಮೇಲೆ ಜಾಯಿಂಟು ಬಿದ್ದ ಕೇರಿ: ಕೆಡುವುದು ಸಾಮಾನ್ಯವಾಗಿ ಅಲ್ಲಿಯೇ. ಎಲ್ಲರದೂ ಒಂದೇ ಕತ್ತಲೆಯಾಗಿದ್ದಾಗ ದೊಡ್ಡ ಕಟ್ಟಡದವರ ದೂರಿನ ಬಲದಿಂದ ಸಣ್ಣವರಿಗೂ ದೀಪ ಬರುತ್ತಿತ್ತು. ಇನ್ನು ಮುಂದೆ ದೊಡ್ಡವರಿಗೆ ಎರಡು ನಿಮಿಷ, ಸಣ್ಣವರಿಗೆ ಒಂಬತ್ತು ಗಂಟೆ ಎಂದಾದರೆ ದೂರುವವರ ದನಿಯೇ ಸಣ್ಣದಾಗುವುದು. ಯಂತ್ರದ ವಿಷಯದಲ್ಲಿ ನಮಗಿರುವ ನಿಜವಾದ ಭಯವಿದು.

ಆದುದರಿಂದಲೇ ಫೀಡರು ಫೀಡರಿನ, ಸಾಧ್ಯವಾದರೆ ಟ್ರಾನ್ಸ್‌ಫಾರ್ಮರು ಟ್ರಾನ್ಸ್‌ಫಾರ್ಮರಿನ ಕತ್ತಲೆಯ ಲೆಕ್ಕವನ್ನು ಪ್ರತಿತಿಂಗಳೂ ಹೊರಗಿಡಬೇಕೆಂದು ನಾವು ಕೇಳುತ್ತೇವೆ. ಯಂತ್ರವು ಬರೆದದ್ದನ್ನು ತೋರಿಸಲು ಹೊಸ ಖರ್ಚೇನೂ ಇಲ್ಲ. ಕಾಯಿದೆಯ 59ನೆಯ ಕಲಮಿನಂತೆ ಸೇವೆಯ ಮಟ್ಟದ ಮಾಹಿತಿಯನ್ನು ಆಯೋಗವು ವರ್ಷಕ್ಕೊಮ್ಮೆಯಾದರೂ ಪ್ರಕಟಿಸಬೇಕೆಂದಿದೆ. ವರ್ಷಕ್ಕೊಮ್ಮೆಯ ಸರಾಸರಿಯಿಂದ ಯಾವ ಬೀದಿಯವನಿಗೂ ತನ್ನ ಬೀದಿ ಕಾಣದು.

ಇನ್ನು ಮಾಲೀಕರ ಸೂರಿನಡಿಯಲ್ಲಿ ಮಲಗುವವರ ಮಾತು. ಹೋಟೆಲಿನ ಅಟ್ಟದ ಮೇಲೆ, ಹಿಂದಿನ ಕೋಣೆಯಲ್ಲಿ, ಒಂದೇ ಖೋಲಿಯಲ್ಲಿ ಆರೇಳು ಮಂದಿಯಾಗಿ ವಾಸಿಸುವ ನಮ್ಮ ಹುಡುಗರ ಹೆಸರಿನಲ್ಲಿ ಮೀಟರು ಇರುವುದಿಲ್ಲ. ಪಂಖ ನಿಂತ ರಾತ್ರಿ ಬೆವರಿನಲ್ಲಿ ನಿದ್ದೆಗೆಟ್ಟು, ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುವವರು ಇವರು. ಪರಿಹಾರ ಬಂದರೂ ಜಮೆಯಾಗುವುದು ಮೀಟರು ಯಾರ ಹೆಸರಿನಲ್ಲಿದೆಯೋ ಅವರ ಬಿಲ್ಲಿಗೆ. ನಾವೂ ಮಾಲೀಕರಾಗಿದ್ದವರೇ ಆದುದರಿಂದ ಮಾಲೀಕ ಮಿತ್ರರಿಗೆ ಸಲಿಗೆಯಿಂದ ಒಂದು ಮಾತು ಹೇಳಬಹುದು: ಹುಡುಗರ ಖೋಲಿಯ ಕತ್ತಲೆಗಾಗಿ ಬಂದ ಹಣವನ್ನು ಹುಡುಗರ ಖೋಲಿಗೇ, ಒಂದು ಬ್ಯಾಟರಿ ದೀಪಕ್ಕೋ ಚಾರ್ಜಿನ ಪಂಖಕ್ಕೋ ಹಾಕಿರಿ. ಮೊತ್ತವೇನೂ ದೊಡ್ಡದಿರುವುದಿಲ್ಲ. ಬಾಡಿಗೆಯ ಖೋಲಿಯಲ್ಲಿ ಒಳಮೀಟರು ಹಾಕಿ ಯೂನಿಟ್ಟಿಗೆ ಮನಬಂದ ದರ ವಸೂಲು ಮಾಡುವ ಮನೆಮಾಲೀಕರ ವಿಷಯವನ್ನು ಇನ್ನೊಂದು ದಿನ ಬರೆಯಬೇಕಾಗಿದೆ. ಇಂದು ಅದಕ್ಕೆ ಸ್ಥಳ ಸಾಲದು.

ಗುಮಾಸ್ತ ಬಂಧುಗಳ ಶಂಕೆಗೆ ಬರುತ್ತೇವೆ. ಮೀಟರಿನ ಅಂಕೆ ಬರೆದುಕೊಳ್ಳಲು ಮಹಡಿ ಹತ್ತಿ ಇಳಿಯುತ್ತಿದ್ದವರ ಕೆಲಸವನ್ನು ಸ್ಮಾರ್ಟ್ ಮೀಟರು ಕಸಿದುಕೊಳ್ಳುವುದೆಂಬುದು ನಿಜ; ಅದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. ಅವರಲ್ಲಿ ಬಹುಮಂದಿ ಗುತ್ತಿಗೆಯವರ ಕೈಕೆಳಗಿನವರಾದುದರಿಂದ ಅವರ ಪರವಾಗಿ ಮಾತಾಡುವವರೂ ಕಡಮೆ. ಆದರೆ ಲೈನ್‌ಮನ್ನನ ಕಥೆ ಬೇರೆ. ನಮ್ಮ ದೇಶದಲ್ಲಿ ವಿದ್ಯುದಾಘಾತದಿಂದ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಜನ ಸಾಯುವರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಅಂಕೆಗಳು ಹೇಳುತ್ತವೆ. ಕೆಟ್ಟಿರುವ ಫೀಡರನ್ನು ಮತ್ತೆ ಮತ್ತೆ ಹಾಕಿ ನೋಡುವಾಗ ಕೋಣೆಯೊಳಗೆ ಸ್ವಿಚ್ಚಿನ ಮುಂದೆ ನಿಂತವನ ಮುಖಕ್ಕೆ ಬೆಂಕಿ ಹಾರಿದ ಸಂಗತಿಗಳುಂಟು. ಆ ಸ್ಥಳದಲ್ಲಿ ಮೋಟಾರು ನಿಂತರೆ ನಾವು ಬೇಡವೆನ್ನಲಾರೆವು.

ಆದರೆ ಹೊಸ ಅಪಾಯವೂ ಇಲ್ಲದಿಲ್ಲ. ಹಿಂದೆ ಲೈನ್‌ಮನ್ ತಾನೇ ಬಿಚ್ಚಿದ ಸ್ವಿಚ್ಚಿಗೆ ತಾನೇ ಬೀಗ ಹಾಕಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟು ಕೆಲಸಕ್ಕಿಳಿಯುತ್ತಿದ್ದನು. ಈಗ ಹತ್ತು ಮೈಲಿ ದೂರದಲ್ಲಿ ಕುಳಿತ ಒಬ್ಬನ ಬೆರಳಿಗೆ ಆ ಸ್ವಿಚ್ಚನ್ನು ಮುಚ್ಚುವ ಶಕ್ತಿಯಿದೆ. ಆದುದರಿಂದ ಮನುಷ್ಯನು ಲೈನಿನ ಮೇಲಿರುವಾಗ ದೂರದ ಆಜ್ಞೆಯನ್ನು ಸ್ವೀಕರಿಸದಂತೆ ಸ್ವಿಚ್ಚನ್ನು ಸ್ಥಳದಲ್ಲಿಯೇ ಬಂಧಿಸುವ ಕ್ರಮವನ್ನು, ಎಲ್.ಸಿ. ಎಂದು ಅವರು ಕರೆಯುವ ಲೈನ್ ಕ್ಲಿಯರಿನ ಕಾಗದವನ್ನು, ಲೈನಿಗೆ ನೆಲದ ಸಂಪರ್ಕ ಕೊಡುವ ಪದ್ಧತಿಯನ್ನು ಒಂದು ಕೂದಲಿನಷ್ಟೂ ಸಡಿಲಿಸಕೂಡದು. ಯಂತ್ರ ಬಂದಿದೆಯೆಂದು ತಂಡದಲ್ಲಿ ನಾಲ್ವರಿದ್ದುದನ್ನು ಇಬ್ಬರಿಗೆ ಇಳಿಸುವ ಉಳಿತಾಯವು ಉಳಿತಾಯವೇ ಅಲ್ಲ.

ಜನರನ್ನು ತೀರಾ ಕಡಮೆ ಮಾಡಿದರೆ ಏನಾಗಬಹುದೆಂಬುದಕ್ಕೆ ಯುಕ್ರೇನ್ ದೇಶದ ಒಂದು ಉದಾಹರಣೆ ಇದೆ. 2015ರ ಡಿಸೆಂಬರ್ 23ರಂದು ಅಲ್ಲಿಯ ಮೂರು ವಿತರಣಾ ಕಂಪೆನಿಗಳ ಗಣಕಯಂತ್ರಗಳೊಳಗೆ ದುಷ್ಟರು ನುಸುಳಿ, ಕೆಲಸಗಾರರ ಕಣ್ಣೆದುರಿನಲ್ಲಿಯೇ ಪರದೆಯ ಮೇಲಿನ ಬಾಣವನ್ನು ಓಡಾಡಿಸಿ ಬ್ರೇಕರುಗಳನ್ನು ಒಂದೊಂದಾಗಿ ಬಿಚ್ಚಿದರು. ಸುಮಾರು 2,25,000 ಗ್ರಾಹಕರು ಚಳಿಗಾಲದಲ್ಲಿ ಕತ್ತಲೆಯಲ್ಲಿ ಕುಳಿತರು. ಕೆಲವೇ ಗಂಟೆಗಳಲ್ಲಿ ದೀಪ ಮರಳಿತು. ಹೇಗೆಂದರೆ, ಜನರನ್ನು ಸಬ್‌ಸ್ಟೇಷನ್ನುಗಳಿಗೆ ಅಟ್ಟಿ ಕೈಯಿಂದಲೇ ಸ್ವಿಚ್ಚುಗಳನ್ನು ಹಾಕಿಸಿದರು. ಕೈಯಿಂದ ಹಾಕಬಲ್ಲವರು ಆ ದೇಶದಲ್ಲಿ ಇನ್ನೂ ಉಳಿದಿದ್ದರು. ನಮ್ಮಲ್ಲಿ ಇಪ್ಪತ್ತು ವರ್ಷಗಳ ತರುವಾಯ ಉಳಿದಿರುವರೇ ಎಂಬುದನ್ನು ಇಂದಿನ ನೇಮಕಗಳು ನಿರ್ಧರಿಸುತ್ತವೆ.

ಬೆಂಗಳೂರಿನ ಅನುಭವವನ್ನೂ ಒಂದು ಮಾತಿನಲ್ಲಿ ಹೇಳಬಹುದು. ಅಲ್ಲಿಯ ಬೆಸ್ಕಾಂ ಸಂಸ್ಥೆಗಾಗಿ ಜಪಾನಿನ ಸಾಲದ ನೆರವಿನಿಂದ ಇದೇ ಬಗೆಯ ವಿತರಣಾ ಸ್ವಯಂಚಾಲನೆಯ ಯೋಜನೆಗೆ 2007ರಲ್ಲಿ ಒಪ್ಪಂದವಾಯಿತು. ಕೆಲಸ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಸ್ವಿಚ್ಚು ಕೊಂಡು ತರುವುದು ಸುಲಭ, ಅಗೆದ ರಸ್ತೆ, ಬದಲಾದ ಕೇಬಲ್ಲು, ಬೆಳೆದ ಬಡಾವಣೆ ಇವುಗಳ ನಡುವೆ ಅದನ್ನು ನಂಬಿಕೆಗೆ ಅರ್ಹವಾಗಿ ನಡೆಸುವುದು ಕಷ್ಟ. ಊರಿನಿಂದ ಬರುವ ಬಂಧುಗಳು ‘ನಮ್ಮಲ್ಲೂ ಕರೆಂಟು ಹೋಗುತ್ತದೆ’ ಎಂದು ನಗುವುದನ್ನು ಕೇಳಿದ್ದೇವೆ. ನಗಲಿ, ಅಲ್ಲಿಯವರೂ ತಮ್ಮ ಫೀಡರಿನ ಲೆಕ್ಕವನ್ನು ಕೇಳಲಿ.

ನಮ್ಮ ಸಂಘಗಳು ಈ ವಿಷಯದಲ್ಲಿ ಮಾಡಬಹುದಾದ ಕೆಲಸವಿದೆ. ಒಬ್ಬೊಬ್ಬನೇ ಹೋಗಿ ಕೇಳಿದರೆ ರಿಜಿಸ್ಟರಿನ ಮೇಲೆ ಬೆರಳಿಟ್ಟು ಕಳಿಸುತ್ತಾರೆ. ಒಂದು ಫೀಡರಿನ ಮೇಲಿರುವ ನಾಲ್ಕು ಹೋಟೆಲು, ಎರಡು ಚಾಳು, ಒಂದು ಸಂಘದ ಕಟ್ಟಡ ಕೂಡಿ ಒಂದೇ ಪತ್ರ ಬರೆದರೆ ಬೆರಳು ಅಷ್ಟು ಸುಲಭವಾಗಿ ಏಳದು. ಉತ್ತರ ಬಾರದಿದ್ದರೆ ಕಾಯಿದೆಯ 42ನೆಯ ಕಲಮಿನಂತೆ ಪ್ರತಿಯೊಂದು ಕಂಪೆನಿಯೂ ಇಟ್ಟಿರತಕ್ಕ ಗ್ರಾಹಕ ತಕರಾರು ನಿವಾರಣಾ ವೇದಿಕೆಯಿದೆ. ಅಲ್ಲಿಯೂ ಸಮಾಧಾನವಾಗದಿದ್ದರೆ ಅದರ ಮೇಲೆ ವಿದ್ಯುತ್ ಲೋಕಪಾಲರು. ಇಂಗ್ಲಿಷಿನಲ್ಲಾಗಲಿ ಮರಾಠಿಯಲ್ಲಾಗಲಿ ಅರ್ಜಿ ಬರೆಯಲು ತೊಡಕಾಗುವ ಹೋಟೆಲಿನ ಬಂಧುಗಳಿಗೆ ಗುಮಾಸ್ತ ಬಂಧುಗಳು ಒಂದು ಭಾನುವಾರದ ಬೆಳಿಗ್ಗೆ ಸಹಾಯ ಮಾಡಿದರೆ ಸಾಕು, ಚಹಾದ ಖರ್ಚು ಹೋಟೆಲಿನವರದು.

ಬರುವ ಮಳೆಗಾಲದ ನಾಲ್ಕು ತಿಂಗಳೂ ಕರೆಂಟು ಹೋದ ತಾರೀಖು, ಹೋದ ವೇಳೆ, ಬಂದ ವೇಳೆ, ದೂರು ಕೊಟ್ಟಾಗ ಸಿಕ್ಕ ಸಂಖ್ಯೆ, ಇಷ್ಟನ್ನು ಗೋಡೆಯ ಪಂಚಾಂಗದ ಮೇಲೆಯೇ ಬರೆದಿಡಿರಿ. ಮೀಟರು ಯಾರ ಹೆಸರಿನಲ್ಲಿದ್ದರೂ ಚಿಂತೆಯಿಲ್ಲ, ಖೋಲಿಯ ಹುಡುಗರೂ ಬರೆದಿಡಲಿ. ದೀಪಾವಳಿಯೊಳಗೆ ಅದರ ಪ್ರತಿಯನ್ನು ನಮ್ಮ ಕಚೇರಿಗೆ ತಲುಪಿಸಿದರೆ ಬೀದಿವಾರು ವಿಂಗಡಿಸಿ, ಕಂಪೆನಿಗಳ ಲೆಕ್ಕದ ಪಕ್ಕದಲ್ಲಿಟ್ಟು ಈ ಅಂಕಣದಲ್ಲಿ ಅಚ್ಚುಹಾಕುತ್ತೇವೆ. ಗ್ರಾಹಕ ಸಂಖ್ಯೆಯು ಬಿಲ್ಲಿನಲ್ಲಿಯೇ ಇರುತ್ತದೆ. ಫೀಡರಿನ ಹೆಸರು ಅದರಲ್ಲಿ ಕಾಣದಿದ್ದರೆ, ಕಂಪೆನಿಗೆ ಬರೆಯುವ ಮೊದಲ ಪತ್ರದಲ್ಲಿ ಅದನ್ನೇ ಕೇಳಿರಿ.